ಮಂಗಳೂರಿಗೆ ಕೆಲ್ಸಕ್ಕೆ ಬಂದವ್ರು ಮಕ್ಳನ್ನ ಸರ್ಕಾರಿ ಶಾಲೆಗೆ ಸೇರಿಸೋದು ಹೇಗೆ

ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡ ಕೆಲ್ಸಕ್ಕೆ ಬಂದವ್ರು ನಮ್ಮ ಏರಿಯಾದಲ್ಲಿ ತುಂಬ ಜನ ಇದ್ದಾರೆ, ಮಕ್ಳು ಸೈಟಲ್ಲೇ ಮರಳಿನ ಮೇಲೆ ಆಡ್ಕೊಂಡು ದಿನ ಕಳೀತವೆ, ನೋಡಿದ್ರೆ ಹೊಟ್ಟೆ ಉರೀತದೆ ಮಾರ್ರೆ.

ಮೊದ್ಲು ಹತ್ರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಹೆಡ್‌ಮಾಸ್ಟ್ರನ್ನ ಕಾಣಿ. ಆಧಾರ್, ಜನನ ಪ್ರಮಾಣಪತ್ರ, ಹಳೇ ಶಾಲೆಯ ಟಿಸಿ ಇದ್ರೆ ತಗೊಂಡು ಹೋಗಿ. ಇಲ್ಲಾಂತ ವಾಪಸ್ ಬರ್ಬೇಡಿ! 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಳಿಗೆ ವಯಸ್ಸಿನ ದಾಖಲೆ ಇಲ್ಲ ಅಂತ ಅಡ್ಮಿಷನ್ ನಿರಾಕರಿಸೋ ಹಾಗಿಲ್ಲ, ಟಿಸಿ ತಡವಾದ್ರೂ ಸೇರಿಸ್ಲೇಬೇಕು, ಪರೀಕ್ಷೆ ಇಟ್ಟು ಆರಿಸೋ ಹಾಗೂ ಇಲ್ಲ. ಮಧ್ಯ ವರ್ಷದಲ್ಲಿ ಬಂದ್ರೂ ಅಷ್ಟೇ.

ಕಳೆದ ವರ್ಷ ನಾನು ಒಬ್ರು ಅಕ್ಕನ ಜೊತೆ ಹೋಗಿದ್ದೆ, ಸೆರಗಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಕವರೊಳಗೆ ಒಂದೇ ಒಂದು ತಾಯಿ ಕಾರ್ಡ್ (ಗರ್ಭಿಣಿಯಾದಾಗ ಆರೋಗ್ಯ ಇಲಾಖೆಯವ್ರು ಕೊಡೋ ಕಾರ್ಡ್), ಮಡಚಿ ಮಡಚಿ ಅಂಚೆಲ್ಲ ಹರಿದಿತ್ತು. ಅದನ್ನೇ ನೋಡಿ ಟೀಚರ್ ಹುಟ್ಟಿದ ದಿನ ಬರ್ಕೊಂಡ್ರು, ಹುಡುಗಿ ಅವತ್ತೇ ಬೆಂಚಲ್ಲಿ ಕೂತ್ಳು.

ಯಾರಾದ್ರೂ ಆಗಲ್ಲ ಅಂದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಲಿಖಿತವಾಗಿ ಅರ್ಜಿ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ.

ಪಠ್ಯಪುಸ್ತಕ, ಯೂನಿಫಾರ್ಮ್, ಮಧ್ಯಾಹ್ನದ ಬಿಸಿಯೂಟ, ಹಾಲು ಎಲ್ಲ ಫ್ರೀ. ಇನ್ನೊಂದು, ಊರಿಗೆ ವಾಪಸ್ ಹೋಗುವಾಗ ಟಿಸಿ ತಗೊಳ್ಳಿಕ್ಕೆ ಮರೀಬೇಡಿ, ಅಲ್ಲಿ ಮತ್ತೆ ಅಲೆದಾಟ ತಪ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೀಟಿಂಗಿಗೂ ಹೋಗಿ, ಅದು ಪೋಷಕರದ್ದೇ ಸಮಿತಿ, ಕೂಲಿಯವ್ರು ಅಂತ ಹಿಂದೆ ಕೂರ್ಬೇಡಿ.