ಕಲಬುರಗಿ ಬಿಸಿಲಿನಲ್ಲಿ ನೊಣದ ಮಧ್ಯಾಹ್ನದ ನಿದ್ದೆ

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೇಂದ್ರ ಸರ್ಕಾರದ ಅನುದಾನ ತಗೊಂಡು ಹಣ್ಣಿನ ನೊಣದ ನಿದ್ದೆಯ ಮೇಲೆ ಮೂರು ವರ್ಷದ ಪ್ರಾಜೆಕ್ಟ್ ಮಾಡಿದೆ. ಬಿಸಿಲು ಏರಿದಾಗ ಅದರ ಮಿದುಳು ಏನು ಮಾಡುತ್ತದೆ, ಮಧ್ಯಾಹ್ನ ಯಾಕೆ ಅಷ್ಟು ಹೊತ್ತು ಮಲಗುತ್ತದೆ ಅನ್ನುವುದು ನಮ್ಮ ಪ್ರಶ್ನೆ. "ಮಿದುಳಿನ ರಿಸರ್ಚ್ ಅಂದ್ರ ಬೆಂಗಳೂರಾಗ ಅಲ್ಲೇನ್ರಿ ಸರ, ನಮ್ಮ ಕಡಿ ಹ್ಯಾಂಗ?" ಎಂದು ಬೀದರ್, ಯಾದಗಿರಿ ಕಡೆಯ ಅಧ್ಯಾಪಕರು ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯ ವಿಷಯ. ದೊಡ್ಡ ಲ್ಯಾಬಿನವರು ಮಾಡುತ್ತಿರುವುದನ್ನೇ ನಾನೂ ಮಾಡುತ್ತೇನೆ ಎಂದು ಅರ್ಜಿ ಹಾಕಿದರೆ ಯಾರೂ ಹಣ ಕೊಡುವುದಿಲ್ಲ. ಕೊಡಲೂಬಾರದು. ಅವರ ಹತ್ತಿರ ಕೋಟಿ ಬೆಲೆಯ ಮೈಕ್ರೋಸ್ಕೋಪ್ ಇದೆ, ನಮ್ಮ ಹತ್ತಿರ ಬಿಸಿಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಹಣ್ಣಿನ ನೊಣದ ದಿನಚರಿಯೂ ಹೆಚ್ಚುಕಡಿಮೆ ಹೀಗೇ. ಬೆಳಿಗ್ಗೆ ಒಂದು ಸುತ್ತು ಓಡಾಟ, ಸಂಜೆ ಒಂದು ಸುತ್ತು, ನಡುವೆ ನಿದ್ದೆ. ಬಿಸಿ ಜಾಸ್ತಿಯಾದಷ್ಟೂ ನಡುವಿನ ನಿದ್ದೆ ಉದ್ದವಾಗುತ್ತದೆ, ಸಂಜೆಯ ಓಡಾಟ ಕತ್ತಲಿನ ಕಡೆಗೆ ಜಾರುತ್ತದೆ.

ಇದರ ಹಿಂದೆ ಒಂದು ವಂಶವಾಹಿ ಇದೆ, ಹೆಸರು ಪೀರಿಯಡ್. ದೇಹದ ಗಡಿಯಾರ ನಡೆಸುವ ಈ ವಂಶವಾಹಿಯನ್ನು ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆನ್ಜರ್ 1971ರಲ್ಲಿ ಹಣ್ಣಿನ ನೊಣದಲ್ಲೇ ಗುರುತಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ವಂಶವಾಹಿಯ ಆರ್‌ಎನ್‌ಎ ಪ್ರತಿಯ ಕೊನೆಯ ಭಾಗದಲ್ಲಿ ಒಂದು ತುಣುಕು ಇದೆ. ಚಳಿಯಲ್ಲಿ ಅದನ್ನು ಜಾಸ್ತಿ ಕತ್ತರಿಸಿ ತೆಗೆಯಲಾಗುತ್ತದೆ, ಬಿಸಿಯಲ್ಲಿ ಕಡಿಮೆ. ನೊಣ ಎಷ್ಟು ಹೊತ್ತು ಮಲಗಬೇಕು, ಯಾವಾಗ ಏಳಬೇಕು ಅನ್ನುವುದರಲ್ಲಿ ಈ ಕತ್ತರಿಯ ಪಾತ್ರ ದೊಡ್ಡದು. ಆಫ್ರಿಕಾದ ಸಮಭಾಜಕದ ಆಸುಪಾಸಿನ ಕೆಲವು ಜಾತಿಯ ನೊಣಗಳಲ್ಲಿ ಈ ಕತ್ತರಿ ಬಿಸಿಗೂ ಚಳಿಗೂ ಒಂದೇ ಥರ ಆಡುತ್ತದೆ. ಅಲ್ಲಿ ವರ್ಷವಿಡೀ ಹವೆ ಅಷ್ಟಾಗಿ ಬದಲಾಗುವುದಿಲ್ಲ, ಹಾಗಾಗಿ ಅಂತ ಲೆಕ್ಕ. ಹಾಗಾದರೆ ಮೇನಲ್ಲಿ 42 ಡಿಗ್ರಿ ದಾಟಿ, ಡಿಸೆಂಬರ್ ರಾತ್ರಿಯಲ್ಲಿ ಕಂಬಳಿ ಬೇಕಾಗುವ ನಮ್ಮ ಊರಿನ ನೊಣ ಯಾವ ಗುಂಪಿಗೆ ಸೇರುತ್ತದೆ? ಈ ಒಂದು ಸಾಲೇ ಅರ್ಜಿಯ ಜೀವ.

ನೊಣ ಹಿಡಿಯುವುದಕ್ಕೆ ಖರ್ಚಿಲ್ಲ. ಕಣ್ಣಿ ಮಾರ್ಕೆಟ್‌ನಲ್ಲಿ ಹಣ್ಣಿನ ಗಾಡಿಗಳ ಹಿಂದೆ ಕೊಳೆತ ಬಾಳೆಹಣ್ಣು ಹಾಕಿದ ಬಾಟಲಿ ಇಟ್ಟು, ಬೆಳಿಗ್ಗೆ ಹೋಗಿ ಹತ್ತಿ ತುರುಕಿ ತರುತ್ತಿದ್ದೆವು. ಬಂದದ್ದೆಲ್ಲ ನಮಗೆ ಬೇಕಾದ ಜಾತಿಯಲ್ಲ. ಅನನಾಸೆ ಜಾತಿಯೂ ಬರುತ್ತದೆ. ಗಂಡು ನೊಣದ ಮುಂಗಾಲಿನ ಕಪ್ಪು ಬಾಚಣಿಗೆ ಮತ್ತು ಹೊಟ್ಟೆಯ ತುದಿಯ ಬಣ್ಣ ನೋಡಿ ವಿಂಗಡಿಸಬೇಕು. ಆಮೇಲೆ ಒಂದೊಂದು ಹೆಣ್ಣು ನೊಣವನ್ನು ಒಂದೊಂದು ವೈಲ್‌ಗೆ ಹಾಕಿ ಅದರ ಸಂತತಿಯನ್ನು ಬೇರೆಯಾಗಿಯೇ ಬೆಳೆಸಿದೆವು. ಹೋಲಿಸಿ ನೋಡಲು ಗೊತ್ತಿರುವ ತಳಿ ಬೇಕಲ್ಲ, ಅದು ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲಾ (ಹಣ್ಣಿನ ನೊಣದ ವೈಜ್ಞಾನಿಕ ಹೆಸರು) ಸ್ಟಾಕ್ ಸೆಂಟರ್‌ನಿಂದ ಬಂತು.

ಆಹಾರವೂ ಮೈಸೂರಿನ ಪದ್ಧತಿಯದೇ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 8 ಗ್ರಾಂ ಅಗರ್. ಗಂಟಾಗದಂತೆ ತಿರುವುತ್ತಲೇ ಇರಬೇಕು. ಇಳಿಸಿದ ಮೇಲೆ ಬೂಷ್ಟು ಹಿಡಿಯದ ಹಾಗೆ 7.5 ಮಿಲಿ ಪ್ರೊಪಿಯಾನಿಕ್ ಆಸಿಡ್. ಆಸಿಡ್ ಹಾಕುವ ತನಕ ವಾಸನೆ ಎಷ್ಟು ಚೆನ್ನಾಗಿರುತ್ತದೆ ಎಂದರೆ, ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು "ಶಿರಾ ಮಾಡ್ಲತ್ತೀರೇನ್ರಿ ಸರ?" ಎಂದು ಕೇಳಿದ್ದರು. ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ನಿಜವಾದ ಗುದ್ದಾಟ ಬಿಒಡಿಯದ್ದು. ಗೊತ್ತಿಲ್ಲದವರಿಗೆ, ಬಿಒಡಿ ಎಂದರೆ ಉಷ್ಣತೆ ಒಂದೇ ಮಟ್ಟದಲ್ಲಿ ಇಡುವ ಕಪಾಟು. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ. 30 ದಾಟಿದ ಬಿಸಿಯಲ್ಲಿ ಬೆಳೆದರೆ ಗಂಡುಗಳು ಬಂಜೆಯಾಗುತ್ತವೆ, ಸ್ಟಾಕ್ ಮುಂದುವರಿಯುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ನಮ್ಮ ರೂಮು ಬೇಗನೆ 35ಕ್ಕೆ ಏರುತ್ತದೆ. ಇನ್ನೂ ದೊಡ್ಡ ತಲೆನೋವು ಟ್ರಿಪ್‌ಎ1 ನೊಣಗಳದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿದುಳಿನ ಯಾವ ಸರ್ಕ್ಯೂಟ್ ಯಾವ ನಡವಳಿಕೆಗೆ ಕಾರಣ ಎಂದು ತಿಳಿಯಲು, ಆ ಸರ್ಕ್ಯೂಟನ್ನು ಬೇಕೆಂದಾಗ ಆನ್ ಮಾಡಿ ನೋಡಬೇಕು. ಆಂಡ್ರಿಯಾ ಬ್ರಾಂಡ್, ನಾರ್ಬರ್ಟ್ ಪೆರಿಮನ್ 1993ರಲ್ಲಿ ಪ್ರಕಟಿಸಿದ ಗಾಲ್4 ವಿಧಾನದಲ್ಲಿ ಇದು ಆಗುತ್ತದೆ. ಒಂದು ತಳಿಯಲ್ಲಿ "ಈ ನರಕೋಶಗಳಲ್ಲಿ ಮಾತ್ರ" ಅನ್ನುವ ಗುರುತು ಇರುತ್ತದೆ. ಇನ್ನೊಂದು ತಳಿಯಲ್ಲಿ ಸ್ವಿಚ್ ಇರುತ್ತದೆ. ಎರಡನ್ನೂ ಕೂಡಿಸಿದರೆ ಮರಿಗಳಲ್ಲಿ ಆ ಕೋಶಗಳಿಗಷ್ಟೇ ಸ್ವಿಚ್ ಬರುತ್ತದೆ. ಟ್ರಿಪ್‌ಎ1 ಅಂಥ ಒಂದು ಸ್ವಿಚ್, ಬಿಸಿಗೆ ತೆರೆಯುವ ಬಾಗಿಲು. 22 ಡಿಗ್ರಿಯಲ್ಲಿ ಸುಮ್ನೆ ಇರುತ್ತದೆ, 29ಕ್ಕೆ ತಂದರೆ ಆ ನರಕೋಶಗಳು ಚುರುಕಾಗುತ್ತವೆ. ತಣ್ಣನೆ ದೇಶದ ಲ್ಯಾಬಿನಲ್ಲಿ ಇದು ತುಂಬ ಅನುಕೂಲದ ಉಪಾಯ. ಕಲಬುರಗಿಯಲ್ಲಿ ಕರೆಂಟ್ ಹೋದರೆ ಬಿಒಡಿ ತಾನಾಗೇ ಪ್ರಯೋಗ ಶುರು ಮಾಡಿಬಿಡುತ್ತದೆ! ಅದಕ್ಕೆ ಟ್ರಿಪ್‌ಎ1 ಕೆಲಸವನ್ನೆಲ್ಲ ನವೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಂಡೆವು. ಬೇಸಿಗೆಗೆ ವಂಶವಾಹಿ ಬದಲಿಸದ ತಳಿಗಳ ನಿದ್ದೆಯ ಅಳತೆ ಮಾತ್ರ. ಪ್ರತಿ ಕಪಾಟಿನೊಳಗೂ ಒಂದು ಟೆಂಪರೇಚರ್ ಲಾಗರ್ ಇಟ್ಟೆವು. ಕಪಾಟಿನ ಹೊರಗಿನ ಡಿಸ್‌ಪ್ಲೇ ನಂಬಬೇಡಿ, ಒಳಗಿನ ಲಾಗರ್ ನಂಬಿ. ಯುಪಿಎಸ್ ಖರ್ಚನ್ನು ಅರ್ಜಿಯಲ್ಲೇ ಬರೆಯಿರಿ. ಅದು ಸಿವಿಲ್ ಕೆಲಸ ಅಲ್ಲ, ಪ್ರಯೋಗದ ಭಾಗ ಎಂದು ಒಂದು ಪ್ಯಾರಾ ವಿವರಿಸಿ.

ಗಾಲ್4, ಟ್ರಿಪ್‌ಎ1 ತಳಿಗಳು ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಸಂಸ್ಥೆಯ ನೊಣದ ಘಟಕದಿಂದ ಬಂದವು. ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ತಂದೆವು. ಇಲಿಗೆ ಬೇಕಾಗುವ ಪ್ರಾಣಿ ನೈತಿಕ ಸಮಿತಿಯ ತಾಪತ್ರಯ ನೊಣಕ್ಕಿಲ್ಲ, ಆದರೆ ವಂಶವಾಹಿ ಬದಲಿಸಿದ ನೊಣಕ್ಕೆ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ನಿಮ್ಮ ಕಾಲೇಜಿನಲ್ಲಿ ಆ ಸಮಿತಿ ಇಲ್ಲದಿದ್ದರೆ ಮೊದಲು ಆ ಕೆಲಸ ನೋಡಿ.

ನೊಣ ಮಲಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಐದು ನಿಮಿಷ ಅಲುಗಾಡದೆ ಇದ್ದರೆ ನಿದ್ದೆ ಎಂದು ಲೆಕ್ಕ. ನೊಣದ್ದೂ ನಿಜವಾದ ನಿದ್ದೆಯೇ ಎಂದು ಅಮೆರಿಕದ ಎರಡು ತಂಡಗಳು 2000ದಲ್ಲಿ ತೋರಿಸಿದವು. ನಿದ್ದೆಗೆಡಿಸಿದರೆ ಮರುದಿನ ಜಾಸ್ತಿ ಮಲಗುತ್ತದೆ, ಮಲಗಿದಾಗ ಸಣ್ಣ ತಟ್ಟಿಗೆ ಏಳುವುದಿಲ್ಲ. ನೊಣದ ಅಲುಗಾಟ ಎಣಿಸಲು ಎಲ್ಲರೂ ಬಳಸುವ ಮಾನಿಟರ್ ಹೊರದೇಶದಿಂದ ತರಿಸಬೇಕು. ನಾವು ಇನ್ನೊಂದು ದಾರಿ ಹಿಡಿದೆವು. 2017ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಎಥೋಸ್ಕೋಪ್ ಎಂಬ ಸಾಧನದ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದಾರೆ. ರಾಸ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಒಂದು ಕ್ಯಾಮೆರಾ, ನೊಣಕ್ಕೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ ಪಟ್ಟಿ, 20 ಗಾಜಿನ ಕೊಳವೆ. ಡಬ್ಬಿಯನ್ನು ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಬೋರ್ಡ್ ಮಾಡುವವರು ಅಕ್ರಿಲಿಕ್‌ನಲ್ಲಿ ಕತ್ತರಿಸಿಕೊಟ್ಟರು. ಯಾವ ಅಂಗಡಿಯ ಬೋರ್ಡ್ ಇದು ಎಂದು ಕೊನೆಯವರೆಗೂ ಅವರಿಗೆ ಅನುಮಾನ.

ಕೊಳವೆ ತುಂಬುವುದು ಕೈಚಳಕದ ಕೆಲಸ. ಬೆರಳುದ್ದದ ಕೊಳವೆ, ಒಳಗಿನ ಅಗಲ ಒಂದು ಜೋಳದ ಕಾಳಿನಷ್ಟು. ಒಂದು ತುದಿಗೆ ಆಹಾರ ತುಂಬಿ ಮೇಣ ಹಚ್ಚಬೇಕು. ಬಾಯಿಂದ ಎಳೆಯುವ ರಬ್ಬರ್ ನಳಿಕೆಯಲ್ಲಿ ನೊಣವನ್ನು ಎಳೆದು ಇನ್ನೊಂದು ತುದಿಯಿಂದ ಮೆಲ್ಲಗೆ ಊದಬೇಕು. ಜೋರಾಗಿ ಊದಿದರೆ ಆಹಾರಕ್ಕೆ ಅಂಟಿಕೊಂಡುಬಿಡುತ್ತದೆ. ನಮ್ಮ ಒಣ ಹವೆಗೆ ಆಹಾರ ಬೇಗ ಕುಗ್ಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಗೆ ನೊಣ ನುಸುಳಿ ಸಾಯುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಸತ್ತ ನೊಣ ಕುಂಭಕರ್ಣ. ಕಪಾಟಿನೊಳಗೆ ನೀರಿನ ತಟ್ಟೆ ಇಡಿ. ಕೊನೆಯಲ್ಲಿ ಪ್ರತಿ ಕೊಳವೆಯನ್ನೂ ಕಣ್ಣಿಂದ ನೋಡಿ, ಜೀವಂತ ಇಲ್ಲದ್ದನ್ನು ಲೆಕ್ಕದಿಂದ ತೆಗೆಯಿರಿ. ನಮ್ಮ ಜೆಆರ್‌ಎಫ್ (ಪ್ರಾಜೆಕ್ಟಿನ ಕಿರಿಯ ಸಂಶೋಧಕಿ) ಹುಡುಗಿ ಆಳಂದದವಳು, ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು.

ಬಿಸಿ ಮಿದುಳಿಗೆ ತಲುಪುವ ದಾರಿಗಳಲ್ಲಿ ಒಂದು ಮೀಸೆಯದು. ನೊಣದ ಮೀಸೆಯ ಮೇಲೆ ಗರಿಯಂಥ ಅರಿಸ್ಟಾ ಇರುತ್ತದೆ. ಒಂದೊಂದರಲ್ಲೂ ಬಿಸಿ ತಿಳಿಯುವ ಮೂರು, ತಂಪು ತಿಳಿಯುವ ಮೂರು ಕೋಶಗಳು. ಅರಿಸ್ಟಾ ಕತ್ತರಿಸಿ ನಿದ್ದೆ ಅಳೆಯುವುದಕ್ಕೆ ಸೂಕ್ಷ್ಮ ಕತ್ತರಿ ಮತ್ತು ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ ಸಾಕು. ಆದರೆ ತಲೆಯ ಒಳಗೂ ಬಿಸಿ ತಿಳಿಯುವ ಕೋಶಗಳಿವೆ. ಹಾಗಾಗಿ ಬರೀ ಕತ್ತರಿಸಿದರೆ ಉತ್ತರ ಪೂರ್ತಿಯಾಗುವುದಿಲ್ಲ, ಟ್ರಿಪ್‌ಎ1 ಪ್ರಯೋಗ ಜೊತೆಗೆ ಬೇಕು. ನಮ್ಮ ಅಂಕಿಗಳು ಈಗ ಪತ್ರಿಕೆಯವರ ಪರಿಶೀಲನೆಯಲ್ಲಿವೆ. ಅದು ಮುಗಿಯುವ ತನಕ ಹೇಳುವುದಿಲ್ಲ.

ಕೆಲಸದ ನಡುವೆ, 2024ರ ಅಕ್ಟೋಬರ್‌ನಲ್ಲಿ, ಫ್ಲೈವೈರ್ ನಕ್ಷೆ ಪ್ರಕಟವಾಯಿತು. ಬೆಳೆದ ಹೆಣ್ಣು ನೊಣದ ಇಡೀ ಮಿದುಳು, 1,39,255 ನರಕೋಶಗಳು, ಅವುಗಳ ನಡುವಿನ 5 ಕೋಟಿಗೂ ಜಾಸ್ತಿ ಕೂಡುತಾಣಗಳು. ಅಮೆರಿಕದ ಸರ್ಕಾರ 2013ರಲ್ಲಿ ಘೋಷಿಸಿದ ಬ್ರೇನ್ ಇನಿಶಿಯೇಟಿವ್‌ನ ಹಣವೂ ಇದರಲ್ಲಿದೆ. ಅಲ್ಲಿಯ ತೆರಿಗೆ ಹಣದ ಕೆಲಸ ಇಲ್ಲಿ ಪುಕ್ಕಟೆ ತೆರೆದುಕೊಳ್ಳುತ್ತದೆ. ನಮ್ಮ ಹುಡುಗಿ ವಿಭಾಗದ ಹಳೆ ಕಂಪ್ಯೂಟರಿನಲ್ಲಿ ಕೂತು, ಬಿಸಿಯ ಕೋಶಗಳಿಂದ ಗಡಿಯಾರದ ಕೋಶಗಳಿಗೆ ಯಾವ ದಾರಿಗಳಿವೆ ಎಂದು ಹುಡುಕಿದಳು. ಯಾವ ಗಾಲ್4 ತಳಿ ತರಿಸಬೇಕು ಎಂಬ ಪಟ್ಟಿ ಅದರಿಂದ ಅರ್ಧಕ್ಕೆ ಇಳಿಯಿತು.

"ನೊಣಕ್ಕೆ ಸರ್ಕಾರದ ದುಡ್ಡಾ?" ಅನ್ನುವವರಿಗೆ ನಾನು ವಿಜ್ಞಾನಿ ಒಬೈದ್ ಸಿದ್ದಿಕಿ ಅವರ ಹೆಸರು ಹೇಳುತ್ತೇನೆ. ಬಿಸಿ ಮಾಡಿದರೆ ದಬಕ್ಕನೆ ಬಿದ್ದು, ತಣ್ಣಗಾದರೆ ಎದ್ದು ನಡೆಯುವ ನೊಣಗಳ ನರಗಳಲ್ಲಿ ಏನು ಕೆಟ್ಟಿದೆ ಎಂದು ಅವರು ಬೆನ್ಜರ್ ಜೊತೆ 1976ರಲ್ಲಿ ಬರೆದರು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದವರೂ ಅವರೇ. ಎಲ್ಲ ಸರ್ಕಾರದ ಹಣವೇ ಅಲ್ವಾ?

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಂಶೋಧನೆಗೆ ಹಣ ಕೊಡುತ್ತಿದ್ದ ಹಿಂದಿನ ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಲ್ಲಿ ಸೇರಿಹೋಗಿದೆ. ಕೇಂದ್ರದ ವಿಜ್ಞಾನ ಇಲಾಖೆಯಾದ ಡಿಎಸ್‌ಟಿಯಲ್ಲಿ ಕಾಗ್ನಿಟಿವ್ ಸೈನ್ಸ್‌ಗೆ, ಅಂದರೆ ಮಿದುಳು-ಮನಸ್ಸಿನ ಅಧ್ಯಯನಕ್ಕೆ, ಬೇರೆ ಯೋಜನೆ ಇದೆ. ಹಿಂದಿನ ವರ್ಷದ ಯುಸಿ (ಹಣ ಬಳಸಿದ ಪ್ರಮಾಣಪತ್ರ) ಕಳಿಸದೆ ಮುಂದಿನ ಕಂತು ಬರುವುದಿಲ್ಲ. ಫಾರಂ ಹೆಸರು ಜಿಎಫ್‌ಆರ್ 12-ಎ. ಮಾರ್ಚ್ 31ರ ಲೆಕ್ಕಕ್ಕೆ ಫೆಬ್ರವರಿಯಲ್ಲೇ ಕೂರಿ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಬೇರೆ. ಕಂತು ತಡವಾದಾಗ ಅದು ಮೊದಲು ತಟ್ಟುವುದು ಜೆಆರ್‌ಎಫ್ ಮಕ್ಕಳಿಗೆ. ಕೆಮಿಕಲ್‌ಗೆ ಕಾಯಬಹುದು, ರೂಮಿನ ಬಾಡಿಗೆಗೆ ಕಾಯಲಾಗುವುದಿಲ್ಲ. ನಮ್ಮ ಪ್ರಿನ್ಸಿಪಾಲರು ಕಾಲೇಜಿನ ನಿಧಿಯಿಂದ ಮುಂಗಡ ಕೊಡಿಸಿ, ಕಂತು ಬಂದ ಮೇಲೆ ಹೊಂದಿಸಿಕೊಂಡರು. ಪ್ರಾಜೆಕ್ಟ್ ಮಂಜೂರಾದ ವಾರವೇ ಈ ಮಾತು ಲಿಖಿತವಾಗಿ ಆಗಲಿ.

ಪ್ರಾಜೆಕ್ಟ್ ಮುಗಿದಿದೆ. ಎಥೋಸ್ಕೋಪ್ ಡಬ್ಬಿಗಳನ್ನು ಬಳಸಿ ಈಗ ಎಂ.ಎಸ್‌ಸಿ. ಮಕ್ಕಳು ಡಿಸರ್ಟೇಶನ್ ಮಾಡುತ್ತಿದ್ದಾರೆ. ಬೀದರ್ ನಮಗಿಂತ ಎತ್ತರದಲ್ಲಿದೆ, ಹವೆಯೂ ತಂಪು. ಅಲ್ಲಿಯ ನೊಣವನ್ನು ಇಲ್ಲಿಯದರ ಜೊತೆ ಇಟ್ಟು ನೋಡುವ ಆಸೆ ಇದೆ, ಹಿಡಿದು ಕೊಡುವವರು ಬೇಕು. ಕಣ್ಣಿ ಮಾರ್ಕೆಟ್ ತಳಿಗಳು ಬೇಕಾದವರಿಗೆ ನಾವೂ ಕೊಡುತ್ತೇವೆ. ದೀಪಾವಳಿ ಆದ ಮೇಲೆ ಕೇಳಿ. ಮೇನಲ್ಲಿ ಕೊರಿಯರ್‌ಗೆ ಹಾಕಿದರೆ ಹತ್ತಿರದ ವಾಡಿ ಜಂಕ್ಷನ್ ದಾಟುವುದರೊಳಗೆ ಸತ್ತಿರುತ್ತವೆ.