ಟರ್ನ್‌ಟೇಬಲ್ ಸದ್ದು ಪಿಸುಗುಟ್ಟಿದಂತಿದ್ದರೆ
ಹೊಸ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ (ಫೋನ್, ಸಿಡಿ ಪ್ಲೇಯರ್‌ನಂಥವುಗಳಿಗಿರುವ ಸಾಕೆಟ್) ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ನೇರವಾಗಿ ಚುಚ್ಚಬೇಡಿ. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್, ಅಂದರೆ ಸೂಜಿ ಇರುವ ಭಾಗ, ಕೊಡುವುದು 3–5 ಮಿಲಿವೋಲ್ಟ್. ಆಕ್ಸ್‌ಗೆ ಅದರ ಹತ್ತಾರು ಪಟ್ಟು ಬೇಕು. ವಾಲ್ಯೂಮ್ ಪೂರ್ತಿ ಏರಿಸಿದರೂ ಬಾಸ್ ಇಲ್ಲದ ಕೀಚಲು ದನಿಯಷ್ಟೇ. ಏಕೆಂದರೆ ರೆಕಾರ್ಡ್ ಕೊರೆಯುವಾಗಲೇ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಸರಿದೂಗಿಸುವ ಆರ್‌ಐಎಎ (ರೆಕಾರ್ಡ್‌ಗಳ ಪ್ರಮಾಣಿತ ಅಳತೆ) ಸರ್ಕ್ಯೂಟ್ ಇರುವುದು, ಕ್ಷೀಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಫೋನೋ ಪ್ರಿಆಂಪ್‌ನಲ್ಲಿ.

ಆಂಪ್ಲಿಫೈಯರ್ ಹಿಂಬದಿಯಲ್ಲಿ ‘ಫೋನೋ’ ಸಾಕೆಟ್ ಇದೆಯೇ ನೋಡಿ. ಇಲ್ಲವಾದರೆ 47 ಕಿಲೋಓಮ್ ಇನ್‌ಪುಟ್‌ನ ಎಂಎಂ ಪ್ರಿಆಂಪ್ ಮಧ್ಯೆ ಹಾಕಿ. ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್‌ನಂಥ ಟರ್ನ್‌ಟೇಬಲ್‌ಗಳಲ್ಲಿ ಪ್ರಿಆಂಪ್ ಒಳಗೇ ಇದೆ: ಆಕ್ಸ್‌ಗಾದರೆ ಸ್ವಿಚ್ ‘ಲೈನ್’, ಫೋನೋಗಾದರೆ ‘ಫೋನೋ’. ಎರಡು ಪ್ರಿಆಂಪ್ ಸಾಲಾಗಿ ಬಂದರೆ ಸದ್ದು ಒಡೆದು ಕರ್ಕಶವಾಗುತ್ತದೆ.

ಗುಂಯ್ ಎನ್ನುವ 50 ಹರ್ಟ್ಸ್ ಹಮ್ಮಿಂಗ್ ಬಂತೇ? ಟರ್ನ್‌ಟೇಬಲ್‌ನ ಪ್ರತ್ಯೇಕ ಗ್ರೌಂಡ್ ವೈರ್ ಇದ್ದರೆ ಅದನ್ನು ಪ್ರಿಆಂಪ್‌ನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಬಿಗಿಯಿರಿ. ಹೆಚ್ಚಿನ ಸಲ ದೂರು ಅಲ್ಲಿಗೇ ಮುಗಿಯುತ್ತದೆ.