ಕಾಳಜಿ ಅಂದರೆ ಯಾವ ಕಾಳಜಿ? ಹಾಸಿಗೆ ಪಕ್ಕದ ಪ್ರಶ್ನಾವಳಿ: ನನ್ನ ಅನುಭವ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ‘ಕಾಳಜಿ’ ಅಂದರೆ ಚಿಂತೆ. ‘ಕಾಳಜಿ ಮಾಡಬ್ಯಾಡ್ರಿ’ ಅಂದರೆ ಹೆದರಬೇಡಿ ಎಂದರ್ಥ. ಬೆಂಗಳೂರಿನಲ್ಲಿ ಅಚ್ಚಾಗಿ, ರೋಗಿಗಳಿಗೆ ಓದಿ ಕೇಳುವ ಪ್ರಶ್ನಾವಳಿಯ ಹಾಳೆಯಲ್ಲಿ ಅದೇ ಪದ ಆರೈಕೆ ಎಂಬ ಅರ್ಥದಲ್ಲಿ ಬರುತ್ತದೆ. ‘ಮನೆಯವರ ಕಾಳಜಿ ಸಾಕಷ್ಟಿದೆಯೇ?’ ಎಂದು ಓದಿದರೆ, ‘ಹೌದ್ರಿ, ಮನಿಯವರದ ದೊಡ್ಡ ಕಾಳಜಿ’ ಎಂಬ ಉತ್ತರ ಬರುತ್ತದೆ. ಬರೆದುಕೊಳ್ಳುವವರು ಪೂರ್ತಿ ಅಂಕ ಹಾಕುತ್ತಾರೆ. ಹೇಳಿದವರು ಮಾತ್ರ ತಮ್ಮ ಸಂಕಟ ಹೇಳಿರುತ್ತಾರೆ. ಗಂಭೀರ ಕಾಯಿಲೆಯವರ ಮನಸ್ಸಿನ ಬಗ್ಗೆ ಈ ಭಾಗದಲ್ಲಿ ಅಧ್ಯಯನ ಮಾಡುವಾಗ ಲೆಕ್ಕ ತಪ್ಪುವುದು ಹೆಚ್ಚಾಗಿ ಇಂಥಲ್ಲೇ. ಆಮೇಲೆ ಸಾಫ್ಟ್‌ವೇರಿನ ಮುಂದೆ ಕೂತು ಇದನ್ನು ಸರಿಪಡಿಸಲಾಗದು.

ನಾನು ಮೊದಲು ಕೈಗೆತ್ತಿಕೊಳ್ಳುವುದು ಇಎಸ್‌ಎಎಸ್, ಅಂದರೆ ರೋಗಿಯ ತೊಂದರೆಗಳಿಗೆ ಅಂಕ ಕೊಡುವ ಹಾಳೆ. ಕೆನಡಾದ ಎಡ್ಮಂಟನ್‌ನಿಂದ 1991ರಲ್ಲಿ ಬಂದ ಈ ಹಾಳೆಯಲ್ಲಿ 9 ಲಕ್ಷಣಗಳಿವೆ, ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ. ನೋವು, ದಣಿವು, ಮಂಪರು, ವಾಕರಿಕೆ, ಹಸಿವಿಲ್ಲದಿರುವುದು, ಉಸಿರಾಟದ ಕಷ್ಟ, ದುಃಖ, ಆತಂಕ, ಕೊನೆಗೆ ಒಟ್ಟಾರೆ ಹೇಗಿದ್ದೀರಿ ಎಂಬುದು. ಪರಿಷ್ಕೃತ ಹಾಳೆ ‘ಈಗ ಹೇಗಿದೆ’ ಎಂದು ಕೇಳುತ್ತದೆ, ವಾರದ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಗಳಿಗೆ ಮುಖ್ಯ. ಮಾರ್ಫಿನ್ ಮಾತ್ರೆಯನ್ನು 4 ತಾಸಿಗೊಮ್ಮೆ ತೆಗೆದುಕೊಳ್ಳುವವರು ಮಾತ್ರೆ ನುಂಗಿ ಒಂದು ತಾಸಿಗೆ ಹೇಳುವ ಅಂಕವೇ ಬೇರೆ, ಮುಂದಿನ ಮಾತ್ರೆಗೆ ಕಾಯುತ್ತ ಹೇಳುವ ಅಂಕವೇ ಬೇರೆ. ಹಾಳೆಯ ಮೇಲ್ತುದಿಯಲ್ಲಿ ಕೊನೆಯ ಮಾತ್ರೆಯ ಹೊತ್ತು ಬರೆಯಲು ಒಂದು ಖಾನೆ ಸೇರಿಸಿ. ಇಲ್ಲದಿದ್ದರೆ ಆಪ್ತಸಮಾಲೋಚನೆ ಕೊಟ್ಟ ಮೇಲೆ ಎರಡನೇ ಭೇಟಿಯಲ್ಲಿ ಕಂಡ ಸುಧಾರಣೆ ಅದರದೋ ಮಾತ್ರೆಯದೋ ತಿಳಿಯುವುದಿಲ್ಲ.

ಖಿನ್ನತೆ ಅಳೆಯಲು ಬಹುತೇಕರು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಬಳಸುತ್ತಾರೆ. ಶುಲ್ಕವಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಆದರೆ ಅದರ 9 ಪ್ರಶ್ನೆಗಳಲ್ಲಿ ನಿದ್ದೆ, ದಣಿವು, ಹಸಿವು ಎಂಬ ಮೂರು ಇವೆ. ಕೀಮೋ ನಡೆಯುತ್ತಿರುವವರು ಈ ಮೂರಕ್ಕೂ ‘ದಿನಾಲೂ’ ಎಂದರೆ ಮೂರು ಮೂರಲೆ ಒಂಬತ್ತು, ಅಲ್ಲಿಗೇ 9 ಅಂಕ. ಖಿನ್ನತೆ ಎಂದು ಎಣಿಸುವ ಗೆರೆ ಇರುವುದು 10ಕ್ಕೆ. ಇನ್ನೊಂದು ಅಂಕ ಬಿದ್ದರೆ ಸಾಕು, ಮನಸ್ಸು ಗಟ್ಟಿಯಿದ್ದವರೂ ಕಾಯಿಲೆಯ ದೆಸೆಯಿಂದಲೇ ಗೆರೆ ಮುಟ್ಟುತ್ತಾರೆ. ಅದಕ್ಕೆ ಒಟ್ಟು ಅಂಕದ ಜೊತೆಗೆ 1, 2, 6, 9ನೇ ಪ್ರಶ್ನೆಗಳ ಮೊತ್ತವನ್ನು ಬೇರೆಯಾಗಿ ಬರೆದಿಡುತ್ತೇನೆ: ಆಸಕ್ತಿ, ದುಃಖ, ತನ್ನ ಮೇಲಿನ ಬೇಸರ, ಸಾವಿನ ಯೋಚನೆ. ಎಚ್‌ಎಡಿಎಸ್ ಎಂಬ ಇನ್ನೊಂದು ಪ್ರಶ್ನಾವಳಿಯಲ್ಲಿ ಹಸಿವು, ನಿದ್ದೆಯ ಪ್ರಶ್ನೆಗಳೇ ಇಲ್ಲ, ಆಸ್ಪತ್ರೆಗೆ ಬರುವ ರೋಗಿಗಳಿಗೆಂದೇ 1983ರಲ್ಲಿ ಮಾಡಿದ್ದು. ಆತಂಕಕ್ಕೆ 7, ಖಿನ್ನತೆಗೆ 7. ಆದರೆ ಪರವಾನಗಿ ಬೇಕು, ಒಪ್ಪಿಗೆಯಿಲ್ಲದೆ ಪದ ಬದಲಿಸುವಂತಿಲ್ಲ. ಒಂದು ಪ್ರಶ್ನೆ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂಥ ಹೆದರಿಕೆಯ ಬಗ್ಗೆ, ಇನ್ನೊಂದು ಒಳ್ಳೆಯ ಪುಸ್ತಕ, ರೇಡಿಯೊ, ಟಿವಿಯ ಖುಷಿಯ ಬಗ್ಗೆ. ಓದಲು ಬಾರದ, ಮನೆಯಲ್ಲಿ ಟಿವಿ ಇಲ್ಲದ ಮುದುಕಿಯ ಮುಂದೆ ಇದನ್ನು ಓದುವುದು ಇಬ್ಬರಿಗೂ ಮುಜುಗರ.

ಅನುವಾದದ ಕ್ರಮ ಎಲ್ಲರಿಗೂ ಗೊತ್ತು: ಇಬ್ಬರು ಬೇರೆ ಬೇರೆ ಕೂತು ಅನುವಾದಿಸುವುದು, ಕೂಡಿಸಿ ಒಂದು ಮಾಡುವುದು, ಮೂಲ ನೋಡದ ಮೂರನೆಯವರಿಂದ ಮರಳಿ ಇಂಗ್ಲಿಷಿಗೆ ತರಿಸುವುದು. ಮರಳಿ ಬಂದದ್ದು ಮೂಲಕ್ಕೆ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಖಿನ್ನತೆ’ ಎಂಬುದು ಅಚ್ಚುಕಟ್ಟಾಗಿ ಮರಳಿ ಹೋಗುತ್ತದೆ, ಹಾಸಿಗೆಯಲ್ಲಿ ಮಲಗಿದವರಿಗೆ ಮಾತ್ರ ಮುಟ್ಟುವುದಿಲ್ಲ. ನಿಜವಾದ ಪರೀಕ್ಷೆ 8–10 ರೋಗಿಗಳ ಜೊತೆ ಕೂತು ‘ಈ ಮಾತು ಕೇಳಿ ನಿಮಗ ಏನ್ ತಿಳೀತ್ರಿ, ನಿಮ್ಮ ಮಾತಿನ್ಯಾಗ ಹೇಳ್ರಿ’ ಎಂದು ಕೇಳುವುದು. ಅಲ್ಲಿಂದ ಬಂದ ಪದಗಳೇ ಬೇರೆ. ನೋವಿಗೆ ‘ಬ್ಯಾನಿ’. ದಣಿವಿಗೆ ‘ಕಸುವಿಲ್ಲ’, ಮಂಪರಿಗೆ ‘ಜೋಂಪು’. ಇವೆರಡನ್ನೂ ‘ಸುಸ್ತು’ ಎಂದು ಕೇಳಿದರೆ ಎರಡು ಖಾನೆಗೂ ಒಂದೇ ಅಂಕ ಬೀಳುತ್ತದೆ. ಉಸಿರಾಟಕ್ಕೆ ‘ದಮ್ಮು ಹತ್ತತೈತೇನ್ರಿ’. ದುಃಖಕ್ಕೆ ‘ಹಳಹಳಿ’, ‘ಬ್ಯಾಸರ’. ಆತಂಕಕ್ಕೆ ನಮ್ಮ ‘ಕಾಳಜಿ’ಯೇ ಸರಿಯಾಗಿ ಕೂತುಕೊಳ್ಳುತ್ತದೆ.

ಇಎಸ್‌ಎಎಸ್‌ನ ಒಂಬತ್ತನೆಯದು ಎಲ್ಲಕ್ಕಿಂತ ಕಷ್ಟ. ‘ಒಟ್ಟಿನ್ಯಾಗ ಆರಾಮ ಇದ್ದೀರೇನ್ರಿ?’ ಎಂದರೆ ಸಾಯುವ ಹೊತ್ತಿನಲ್ಲೂ ‘ಆರಾಮ ಅದೀನ್ರಿ’ ಎನ್ನುತ್ತಾರೆ. ಅದು ಮನೆಗೆ ಬಂದವರಿಗೆ ಹೇಳುವ ಮರ್ಯಾದೆಯ ಮಾತು, ಅಳತೆಯಲ್ಲ. ‘ಇವತ್ತಿನ ದಿನ ಹೆಂಗ ಹೋಗಾಕತ್ತೈತ್ರಿ?’ ಎಂದು ಕೇಳಿ ನೋಡಿ. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಹಾಳೆ ಬೇಕೇ ಬೇಕು, ವಿಜಯಪುರ ಪೇಟೆಯಲ್ಲಿ ಉರ್ದು. ಯಾವ ಭಾಷೆಯಲ್ಲಿ ಕೇಳಿದಿರಿ ಎಂಬುದನ್ನು ಪ್ರತಿ ಭೇಟಿಯಲ್ಲೂ ಬರೆಯಿರಿ.

0ಯಿಂದ 10ರ ಅಂಕವೂ ಹಳಬರಿಗೆ ಒಗ್ಗುವುದಿಲ್ಲ. ಅವರ ಲೆಕ್ಕ ಆಣೆಯದು: ‘ರೂಪಾಯಿದಾಗ ಎಂಟಾಣೆ ಆರಾಮ ಆಗೇತ್ರಿ.’ ಕೇಳಲು ಚೆಂದ, ಆದರೆ ಒಂದು ತೊಡಕಿದೆ. ಆಣೆ ಲೆಕ್ಕ ಎಷ್ಟು ಗುಣವಾಯಿತು ಎಂದು ಹೇಳುತ್ತದೆ, ಎಷ್ಟು ನೋವು ಉಳಿಯಿತು ಎಂದಲ್ಲ. ‘ಹನ್ನೆರಡಾಣೆ’ ಎಂದದ್ದನ್ನು ನೋವಿನ ಖಾನೆಗೆ ಬರೆದರೆ ಹಾಳೆ ತಲೆಕೆಳಗು. ಹದಿನಾರಾಣೆಯ ಲೆಕ್ಕವನ್ನು ಹತ್ತರ ಲೆಕ್ಕಕ್ಕೆ ಇಳಿಸಿ ಸರಾಸರಿಗೆ ಸೇರಿಸುವುದೂ ತಪ್ಪು. ಅವರ ಮಾತನ್ನು ಹಾಗೆಯೇ ಬದಿಯಲ್ಲಿ ಬರೆದು, ಅಂಕಕ್ಕೆ 10 ಅಂಗಿಗುಂಡಿಗಳನ್ನು ತಾಟಿನಲ್ಲಿಟ್ಟು ಕೊಡುತ್ತೇನೆ: ‘ಒಟ್ಟ ಬ್ಯಾನಿ ಇಲ್ಲಂದ್ರ ಒಂದೂ ಎತ್ತಬ್ಯಾಡ್ರಿ, ತಡೀಲಾರದಷ್ಟು ಇತ್ತಂದ್ರ ಹತ್ತೂ ಎತ್ರಿ.’ ಗುಂಡಿ ತೊಳೆಯಲು ಬರುತ್ತದೆ, ಕಾಳಿಗಿಂತ ವಾಸಿ. ಬಾಯಿ ಕ್ಯಾನ್ಸರಿನ ಆಪರೇಶನ್ ಆಗಿ ಮಾತು ನಿಂತವರಿಗೂ ಇದೇ ದಾರಿ.

ಒಪ್ಪಿಗೆ ಪತ್ರದ ತೊಡಕು ಶುರುವಾಗುವುದು ವಾರ್ಡಿನ ಬಾಗಿಲಲ್ಲೇ. ‘ಸರ, ಅಪ್ಪಾಗ ಕ್ಯಾನ್ಸರ್ ಅಂತ ಗೊತ್ತಿಲ್ರಿ, ಹೇಳಬ್ಯಾಡ್ರಿ’ ಎಂದು ಮಗ ಅಡ್ಡ ನಿಲ್ಲುತ್ತಾನೆ. ಹಾಳೆಯ ತಲೆಬರಹದಲ್ಲೇ ‘ಅಂತಿಮ ಹಂತದ ಕ್ಯಾನ್ಸರ್ ರೋಗಿಗಳು’ ಎಂದು ಅಚ್ಚು ಹಾಕಿಸಿದ್ದರೆ ನೀವೇ ಸುದ್ದಿ ಮುಟ್ಟಿಸಿದಂತಾಯಿತು. ತಲೆಬರಹ ‘ಗಂಭೀರ ಕಾಯಿಲೆ’ ಎಂದಿರಲಿ, ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಹಾಳೆ ತೆಗೆಯುವ ಮುಂಚೆ ‘ನಿಮ್ಮ ಜಡ್ಡಿನ ಬಗ್ಗೆ ಡಾಕ್ಟ್ರು ಏನೇನ್ ಹೇಳ್ಯಾರ್ರಿ?’ ಎಂದು ಕೇಳಿ. ಅವರೇ ‘ಗಂಟು’ ಎಂದರೆ ಆ ಪದವನ್ನೇ ಹಿಡಿಯಿರಿ. ಅವರು ನೇರವಾಗಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಚಿಕಿತ್ಸೆ ಮಾಡುವ ವೈದ್ಯರನ್ನು ಕರೆಯಿರಿ, ಅಂದಿನ ಸಂದರ್ಶನ ಅಲ್ಲಿಗೇ ನಿಲ್ಲಲಿ. ಹೆಬ್ಬೆಟ್ಟು ಒತ್ತುವವರಿದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಬೇಕು. ಪಕ್ಕದ ಹಾಸಿಗೆಯವರ ಸಂಬಂಧಿಕರು ಸಾಮಾನ್ಯವಾಗಿ ಒಪ್ಪುತ್ತಾರೆ. ‘ಇದರಿಂದ ಔಷಧ, ರೊಕ್ಕ ಸಿಗೂದಿಲ್ಲ, ಒಲ್ಲೆ ಅಂದ್ರ ಚಿಕಿತ್ಸಾ ನಿಲ್ಲೂದಿಲ್ಲ’ ಎಂಬ ಎರಡೂ ಮಾತನ್ನು ಬಾಯಿಬಿಟ್ಟು ಹೇಳಬೇಕು. ಬರೀ ಅಚ್ಚಿನಲ್ಲಿದ್ದರೆ ಸಾಲದು.

ಕೂರುವುದು 20 ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಮಗನನ್ನು ಚಹಾ ತರಲು ಕಳಿಸಿ. ಅವನಿದ್ದರೆ ಉತ್ತರವೆಲ್ಲ ಅವನದೇ. ಸೊಸೆ ಅಥವಾ ಹೆಂಡತಿ ರೋಗಿಯಾಗಿದ್ದರೆ ಸಂದರ್ಶನ ಹೆಣ್ಣುಮಕ್ಕಳೇ ಮಾಡಲಿ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಕೇಳುವ ಮುಂಚೆ, ಉತ್ತರ ಬಂದರೆ ಏನು ಮಾಡಬೇಕು ಎಂಬುದು ಕಾಗದದ ಮೇಲಿರಬೇಕು. ‘ದೇವ್ರು ಕರಕೊಂಡ್ರ ಸಾಕಾಗೇತ್ರಿ’ ಎಂಬುದು ಇಲ್ಲಿ ದಿನದ ಮಾತು, ಅದನ್ನೇ ಆತ್ಮಹತ್ಯೆಯ ಯೋಚನೆ ಎಂದು ಬರೆಯಲಾಗದು. ಹಾಗಂತ ದಾಟಿಸಲೂ ಆಗದು. ನೀವಾಗೇ ಜೀವ ಕಳಕೋಬೇಕು ಅಂತ ಅನಸೈತೇನು, ಹೆಂಗ ಅಂತ ಯೋಚನಿ ಮಾಡೀರೇನು, ಮನಿಯಾಗ ಎಣ್ಣಿ ಇಟ್ಟೀರೇನು ಎಂದು ಮೂರನ್ನೂ ಕೇಳಿ. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧ. ದ್ರಾಕ್ಷಿ, ಹತ್ತಿ ಬೆಳೆಯುವ ಮನೆಗಳಲ್ಲಿ ಮೂಲೆಯಲ್ಲೇ ಇರುತ್ತದೆ. ಯಾವುದೇ ಒಂದಕ್ಕೆ ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ, ಮನೋವೈದ್ಯರಿಗೆ ಅದೇ ದಿನ ತೋರಿಸಿ, ಎಣ್ಣಿ ಡಬ್ಬಿ ಮನೆಯಿಂದ ಆಚೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಈ ಮಾತನ್ನು ಗುಟ್ಟಾಗಿ ಇಡಲಾಗದು ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆದಿಡಿ.

ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬ ಲೆಕ್ಕ ಹಾಕುವಾಗ ಕೈ ಬಿಗಿ ಹಿಡಿಯಬೇಡಿ. ನೂರರಲ್ಲಿ 40 ಜನ ಎರಡನೇ ಭೇಟಿಗೆ ಸಿಗುವುದಿಲ್ಲ ಎಂದುಕೊಂಡರೆ, ಕೊನೆಗೆ 60 ಜನ ಬೇಕಾದಾಗ 100 ಜನರಿಂದ ಶುರುಮಾಡಬೇಕು. 60ಕ್ಕೆ 40ರಷ್ಟು ಕೂಡಿಸಿ 84 ಎನ್ನುವುದು ಪದೇ ಪದೇ ಕಾಣುವ ತಪ್ಪು. ‘ಬರಲಿಲ್ಲ’ ಎಂದಷ್ಟೇ ಬರೆದರೆ ಅಧ್ಯಯನ ಹಾಳು. ತೀರಿಕೊಂಡವರು, ಎದ್ದು ಕೂರಲಾರದವರು, ರೇಡಿಯೇಶನ್‌ಗೆ ಹುಬ್ಬಳ್ಳಿ, ಮೀರಜ್, ಸೊಲ್ಲಾಪುರಕ್ಕೆ ಹೋದವರು, ಒಲ್ಲೆ ಎಂದವರು, ಕರೆತರುವವರು ಕಬ್ಬು ಕಡಿಯಲು ಹೋದ್ದರಿಂದ ಬಾರದವರು: ಐದಕ್ಕೂ ಬೇರೆ ಸಂಕೇತ ಕೊಡಿ. ಕೊನೆಯವರ ಮನಸ್ಥಿತಿ ಬಂದವರಂತೆಯೇ ಇರಬಹುದು. ಮೊದಲ ಎರಡು ಗುಂಪಿನವರದ್ದು ಹಾಗಿರುವುದಿಲ್ಲ. ಅವರನ್ನು ಬಿಟ್ಟು ಸರಾಸರಿ ತೆಗೆದರೆ ಉಳಿದ ಗಟ್ಟಿಗರಿಂದಾಗಿ ಆರೈಕೆ ಬಹಳ ಫಲಿಸಿದಂತೆ ಕಾಣುತ್ತದೆ. ಎಳ್ಳಮಾವಾಸ್ಯೆಯಂದು ಭೇಟಿ ಇಟ್ಟುಕೊಳ್ಳಬೇಡಿ, ಚರಗ ಚೆಲ್ಲಲು ಊರೇ ಹೊಲದಲ್ಲಿರುತ್ತದೆ.

ಎರಡನೇ ಭೇಟಿಗೆ ಫೋನ್ ಮಾಡುವ ಮುಂಚೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ತೀರಿಕೊಂಡವರ ಮನೆಗೆ ‘ಅಪ್ಪಾರು ಹೆಂಗದಾರ್ರಿ?’ ಎಂಬ ಕರೆ ಹೋಗಬಾರದು. ಆರೈಕೆ ಮಾಡಿದವರನ್ನು ಮಾತಾಡಿಸಬೇಕಿದ್ದರೆ ಮೂರು ತಿಂಗಳು ಕಾಯುತ್ತೇನೆ. ಹೋದವರ ಮೊದಲ ದೀಪಾವಳಿ, ಯುಗಾದಿಯ ವಾರ ಬಿಡುತ್ತೇನೆ. ಅದಕ್ಕೆಂದೇ ವಹಿಯಲ್ಲಿ ಸಾವಿನ ದಿನಾಂಕದ ಮುಂದೆ ಇನ್ನೊಂದು ಖಾನೆ ಇದೆ: ‘ಯಾವಾಗ ಹೋಗಬಾರದು.’